ಹೊಳಿ ಎಲ್ಲಿ ತನಕ ಬಂದಿತ್ತು?

ಆಟ ಬಹಳ ಸರಳ. ಒಬ್ಬರು ನೀರು ಹೋಗದಂಥ ಡಬ್ಬಿಯೊಂದರಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು, ಒಂದೆರಡು ಸಣ್ಣಪುಟ್ಟ ಸಾಮಾನು ಹಾಕಿ ಎಲ್ಲೋ ಒಂದು ಕಡೆ ಇಟ್ಟು ಬರುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಉಳಿದವರಿಗೆ ಕಳಿಸುತ್ತಾರೆ. ಉಳಿದವರು ಆ ಅಂಕಿಗಳನ್ನು ಮೊಬೈಲಿಗೆ ಹಾಕಿಕೊಂಡು ಹುಡುಕುತ್ತಾ ಹೋಗಬೇಕು. ಸಿಕ್ಕರೆ ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಖು ಬರೆಯಬೇಕು. ಡಬ್ಬಿಯಿಂದ ಒಂದು ಸಾಮಾನು ತೆಗೆದುಕೊಂಡರೆ ಬದಲಿಗೆ ಇನ್ನೊಂದು ಇಡಬೇಕು. ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ವಾಪಸ್ ಬರಬೇಕು. ಇದಕ್ಕೆ ಜಿಯೋಕ್ಯಾಷಿಂಗ್ ಅಂತ ಹೆಸರು.

ಈ ಆಟ ಹುಟ್ಟಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಸಾಮಾನ್ಯ ಜನರಿಗೆ ಬೇಕಂತಲೇ ಸ್ವಲ್ಪ ಕೆಡಿಸಿ ಕೊಡುತ್ತಿತ್ತು. ನಿಂತಿರುವ ಜಾಗಕ್ಕೂ ಯಂತ್ರ ತೋರಿಸುವ ಜಾಗಕ್ಕೂ ನೂರು ಮೀಟರ್‌ವರೆಗೂ ವ್ಯತ್ಯಾಸ ಬರುತ್ತಿತ್ತು. ಮೇ 2ರಂದು ಆ ಅಡ್ಡಿ ತೆಗೆದರು. ಮರುದಿನವೇ ಡೇವ್ ಉಲ್ಮರ್ ಎಂಬಾತ ಒರೆಗಾನ್ ರಾಜ್ಯದ ಕಾಡಿನಂಚಿನಲ್ಲಿ ಒಂದು ಬಕೆಟ್ ಇಟ್ಟು ಅದರ ಅಂಕಿಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದ. ಅದರಲ್ಲಿ ಪುಸ್ತಕ, ಕವಣೆ, ಒಂದಿಷ್ಟು ದುಡ್ಡು, ಒಂದು ಡಬ್ಬಿ ಬೀನ್ಸ್ ಕಾಳು ಇದ್ದವಂತೆ. ಈಗ ಜಗತ್ತಿನಲ್ಲಿ ಇಂಥ ಡಬ್ಬಿಗಳು ಮೂವತ್ತು ಲಕ್ಷಕ್ಕೂ ಹೆಚ್ಚಿವೆ. ತಿನ್ನುವ ಪದಾರ್ಥ ಇಡಬಾರದು ಅನ್ನುವುದು ಈಗಿನ ನಿಯಮ. ಇರುವೆ, ಇಲಿ ಯಾರನ್ನೂ ಬಿಡುವುದಿಲ್ಲ.

ನಾವು ಮೂವರು ಆಡುವುದು ಇದರ ಮನೆ ಆವೃತ್ತಿ. ಜಾಲತಾಣದಲ್ಲಿ ನೋಂದಣಿ ಇಲ್ಲ, ಪಾಯಿಂಟ್ ಇಲ್ಲ. ಕಲಬುರಗಿಯ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದೇವೆ. ನಾನು ಆಳಂದ ತಾಲ್ಲೂಕಿನವಳು, ಒಬ್ಬಳು ಅಫಜಲಪುರದವಳು, ಇನ್ನೊಬ್ಬಳು ಜೇವರ್ಗಿಯವಳು. ಹಾಸ್ಟೆಲ್ಲಿನಲ್ಲಿ ನಮ್ಮ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ತಾಲ್ಲೂಕಿನ ಹೆಸರೇ ಹೆಸರು. ‘ಏ ಆಳಂದ, ಬಕೆಟ್ ಖಾಲಿ ಮಾಡು’ ಅಂದರೆ ಅದು ನನಗೆ. ಹಾಗಾಗಿ ಇಲ್ಲೂ ಅದನ್ನೇ ಬಳಸುತ್ತೇನೆ.

ಸರದಿಯ ಪ್ರಕಾರ ಒಬ್ಬರು ತಮ್ಮ ತಾಲ್ಲೂಕಿನಲ್ಲಿ ಡಬ್ಬಿ ಇಡಬೇಕು, ಉಳಿದಿಬ್ಬರು ಹುಡುಕಬೇಕು. ಬಸ್ಸಿನಲ್ಲಿ ಹೋಗಿ ಅದೇ ದಿನ ಸಂಜೆಯೊಳಗೆ ವಾಪಸ್ ಬರುವಂತಿರಬೇಕು. ಖರ್ಚು ಏನೂ ಇಲ್ಲ. ಮೂವರೂ ಹುಡುಗಿಯರು, ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಶಕ್ತಿ ಯೋಜನೆ ಬರುವ ಮುಂಚೆ ಆಗಿದ್ದರೆ ಒಂದು ಪ್ಲಾಸ್ಟಿಕ್ ಡಬ್ಬಿಗಾಗಿ ಗಾಣಗಾಪುರದವರೆಗೆ ಹೋಗಿಬರಲು ಮನೆಯಲ್ಲಿ ದುಡ್ಡು ಕೇಳುವ ಧೈರ್ಯ ನಮಗಂತೂ ಇರುತ್ತಿರಲಿಲ್ಲ.

ಮೊದಲ ಡಬ್ಬಿ ನನ್ನದು. ಅಮರ್ಜಾ ಜಲಾಶಯ ಇರುವ ಕೊರಳ್ಳಿ ಕಡೆ ಇಟ್ಟಿದ್ದೆ. ಹದಿನೈದು ನಿಮಿಷಕ್ಕೆ ಹುಡುಕಿಬಿಟ್ಟರು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಎರಡನೆಯದು ಅಫಜಲಪುರದ್ದು. ಎಳ್ಳ ಅಮಾವಾಸ್ಯೆ ಮುಗಿದ ಮೇಲಿನ ಭಾನುವಾರ ಹೋಗಿದ್ದೆವು. ಈ ಬರಹ ಅದರ ಬಗ್ಗೆ.

ಎರಡು ಅಂಕಿ, ಒಂದು ಸುಳಿವು

ಶನಿವಾರ ರಾತ್ರಿ ಅವಳು ಕಳಿಸಿದ್ದು ಎರಡು ಅಂಕಿ ಮತ್ತು ಒಂದು ಸಾಲು. ಅಂಕಿಗಳು ಗಾಣಗಾಪುರದ ಹತ್ತಿರ ಭೀಮಾ ನದಿಯ ಮೇಲಿರುವ ಬ್ರಿಜ್‌ನದು. ಸರ್ಕಾರದ ಕಡತದಲ್ಲಿ ಇಂಥವಕ್ಕೆ ಬ್ರಿಜ್ ಕಂ ಬ್ಯಾರೇಜ್ ಅನ್ನುತ್ತಾರೆ, ಅಂದರೆ ಕೆಳಗೆ ಗೇಟು ಹಾಕಿ ನೀರು ನಿಲ್ಲಿಸುವುದು, ಮೇಲೆ ಜನ, ಗಾಡಿ ಓಡಾಡುವುದು. ದಾಟಿದರೆ ಜೇವರ್ಗಿ ಕಡೆಯ ದಾರಿ. ಎತ್ತರ ಕಡಿಮೆ ಇರುವುದರಿಂದ ಹೊಳೆ ತುಂಬಿದಾಗ ಮೊದಲು ಮುಳುಗುವುದು ಇದೇ. ‘ಗಾಣಗಾಪುರ ಬ್ರಿಜ್ ಮುಳುಗಡೆ’ ಅನ್ನುವ ಸುದ್ದಿ ನಮ್ಮ ಕಡೆಯ ಪುಟಗಳಲ್ಲಿ ಮಳೆಗಾಲ ಬಂತು ಅನ್ನುವುದಕ್ಕೆ ಗುರುತು.

ಸುಳಿವಿನ ಸಾಲು ಹೀಗಿತ್ತು: ‘ಬ್ರಿಜ್‌ನಾಗ ಇಲ್ಲ. ಅಲ್ಲಿಂದ ಕಾಣುವ ಊರಾಗ ಅದ. 2020ರಾಗ ಹೊಳಿ ಎಲ್ಲಿ ತನಕ ಬಂದಿತ್ತೋ ಅದರ ಮ್ಯಾಲ ಒಂದು ಗೇಣು.’

ಜೇವರ್ಗಿ ಅದನ್ನು ಓದಿ ಮೊಬೈಲ್ ಮಗುಚಿ ಇಟ್ಟಳು. ಬೆಳಿಗ್ಗೆ ಚೌಡಾಪುರ ದಾಟುವವರೆಗೂ ಮಾತಿಲ್ಲ. ಆಮೇಲೆ, ‘ಅವ್ವಗ ಹೇಳೀನಿ. ಬ್ರಿಜ್ ಮ್ಯಾಲ ನಿಂದ್ರಬ್ಯಾಡ, ದಾಟಿ ಹೋಗು ಅಂದಾಳ’ ಅಂದಳು. 2020ರ ಅಕ್ಟೋಬರಿನಲ್ಲಿ ಅವರ ಮನೆಗೆ ನೀರು ಬಂದಿತ್ತು ಅನ್ನುವುದು ನಮಗೆ ಗೊತ್ತಿತ್ತು. ಏನಾಯಿತು ಅನ್ನುವುದು ಪೂರ್ತಿ ಗೊತ್ತಿರಲಿಲ್ಲ.

ಬ್ರಿಜ್‌ನ ಮೇಲೆ ಡಬ್ಬಿ ಇಡಬಾರದು ಅನ್ನುವುದು ನಾವು ಮೊದಲೇ ಮಾಡಿಕೊಂಡ ಕರಾರು. ಸೇತುವೆ ಕೆಳಗೆ ಬಗ್ಗಿ, ತಡಕಾಡಿ ಏನೋ ಇಡುವವರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಎಂಬ ಊರಿನಲ್ಲಿ ಇಂಥದ್ದೇ ಒಂದು ಆಟದ ಡಬ್ಬಿಯನ್ನು ಬಾಂಬ್ ಅಂದುಕೊಂಡು, ರಸ್ತೆ ಖಾಲಿ ಮಾಡಿಸಿ, ಸೈನ್ಯದವರನ್ನು ಕರೆಸಿ ಸಿಡಿಸಿದ್ದರು. ಇನ್ನು ಜಾರಿ ಬಿದ್ದರೆ ಅನ್ನುವುದು ಬೇರೆ ಮಾತು. ಹಾಗೆಯೇ ಗುಡಿ, ದರ್ಗಾ, ಕೋಟೆ ಗೋಡೆಗಳಲ್ಲಿ ಇಡುವಂತಿಲ್ಲ, ನೆಲ ಅಗೆಯುವಂತಿಲ್ಲ, ಯಾರದೇ ಜಾಗವಾದರೂ ಅವರನ್ನು ಕೇಳಿಯೇ ಇಡಬೇಕು. ಅಫಜಲಪುರ ತನ್ನ ಸೋದರಮಾವನನ್ನು ಕೇಳಿ ಇಟ್ಟಿದ್ದಳು. ಅದು ನಮಗೆ ಆಮೇಲೆ ಗೊತ್ತಾಯಿತು. ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಡಬ್ಬಿ ಇನ್ನೂ ಅಲ್ಲೇ ಇದೆ.

ಅಮರ್ಜಾ ಮುಗಿಯುವ ಜಾಗ

ಗಾಣಗಾಪುರಕ್ಕೆ ಬರುವವರಲ್ಲಿ ಹೆಚ್ಚಿನವರು ದತ್ತನ ಭಕ್ತರು. ಅರ್ಧ ಬಸ್ಸು ಮರಾಠಿ ಮಾತಾಡುತ್ತಿರುತ್ತದೆ. ನರಸಿಂಹ ಸರಸ್ವತಿ ಸ್ವಾಮಿಗಳ ನಿರ್ಗುಣ ಪಾದುಕೆಯ ದರ್ಶನ ಮಾಡಿ, ಸಂಗಮದಲ್ಲಿ ಸ್ನಾನ ಮಾಡಿ, ಐದು ಮನೆಯಲ್ಲಿ ಭಿಕ್ಷೆ ಬೇಡಿ ಹೋಗುತ್ತಾರೆ. ಸಂಗಮ ಅಂದರೆ ಭೀಮಾ ಮತ್ತು ಅಮರ್ಜಾ ಕೂಡುವ ಜಾಗ. ನನಗೆ ಅದು ಬೇರೆ ಕಾರಣಕ್ಕೆ ಆಸಕ್ತಿ. ಅಮರ್ಜಾ ನಮ್ಮ ಆಳಂದದ ಹೊಳೆ. ಬೇಸಿಗೆಯಲ್ಲಿ ದಾಟಿದರೆ ಮೊಣಕಾಲೂ ತೋಯದ ಆ ಹೊಳೆ ಇಲ್ಲಿಗೆ ಬಂದು ತನ್ನ ಹೆಸರು ಕಳೆದುಕೊಳ್ಳುತ್ತದೆ. ಭೀಮಾ ನದಿಯಾದರೋ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದ ಮುಂದೆ ಚಂದ್ರಭಾಗಾ ಅನ್ನಿಸಿಕೊಂಡು, ಅಫಜಲಪುರ, ಜೇವರ್ಗಿ, ಯಾದಗಿರಿ ದಾಟಿ ರಾಯಚೂರಿನ ಹತ್ತಿರ ಕೃಷ್ಣೆಯಲ್ಲಿ ಸೇರುತ್ತದೆ. ಒಟ್ಟು 860 ಕಿಲೊಮೀಟರ್ ಹಾದಿ.

ಬ್ರಿಜ್‌ನ ಮೇಲೆ ನಿಂತಾಗ ಡಿಸೆಂಬರಿನ ಹೊಳೆ ಶಾಂತವಾಗಿತ್ತು. ಒಬ್ಬ ಹುಡುಗ ಬಲೆ ಬಿಡಿಸುತ್ತಿದ್ದ. ದಂಡೆಯ ಜಾಲಿಗಿಡಗಳ ಮೇಲೆ, ನಮ್ಮ ತಲೆಗಿಂತ ಎತ್ತರದಲ್ಲಿ, ಒಣಗಿದ ಜಲಕಳೆ, ಹರಿದ ಸೀರೆಯ ತುಂಡು, ಗೊಬ್ಬರದ ಚೀಲ ಸಿಕ್ಕಿಕೊಂಡು ಜೋತಾಡುತ್ತಿದ್ದವು. ನನಗೆ ಅದು ಬರೀ ಕಸ. ಜೇವರ್ಗಿ ನೋಡಿದ್ದೇ ಹೇಳಿದಳು: ‘ಇದು ಈ ಸಲದ್ದು. 2020ರದು ಇಷ್ಟು ವರ್ಷ ಇರಂಗಿಲ್ಲ.’

ಈ ಸಲದ್ದು ಅಂದರೆ 2025ರ ಸೆಪ್ಟೆಂಬರಿನದು. ಸೊಲ್ಲಾಪುರದ ಕಡೆ ವಿಪರೀತ ಮಳೆ, ಸೀನಾ ನದಿ ತುಂಬಿ ಬಂತು, ಮೇಲಿನಿಂದ ಉಜನಿ ನೀರು. ಕಲಬುರಗಿ–ಜೇವರ್ಗಿ ನಡುವೆ ಕಟ್ಟಿ ಸಂಗಾವಿ ಹತ್ತಿರ ರಾಷ್ಟ್ರೀಯ ಹೆದ್ದಾರಿ 50ರ ಸೇತುವೆಯ ಮೇಲೇ ನೀರು ಬಂದು ಸಂಚಾರ ನಿಂತುಹೋಯಿತು. ನಮ್ಮ ಹಾಸ್ಟೆಲ್ಲಿನ ಅರ್ಧದಷ್ಟು ಹುಡುಗಿಯರಿಗೆ ಊರಿಗೆ ಹೋಗುವ ದಾರಿಯೇ ಇರಲಿಲ್ಲ. ಜೇವರ್ಗಿ ಆ ವಾರ ಪೂರ್ತಿ ದಿನಕ್ಕೆ ಹತ್ತು ಸಲ ಮನೆಗೆ ಫೋನ್ ಮಾಡುತ್ತಿದ್ದಳು.

ನದಿ ನಮ್ಮದಾದರೂ ಅದರ ನಲ್ಲಿ ನಮ್ಮ ಕೈಯಲ್ಲಿಲ್ಲ. 1980ರಲ್ಲಿ ಮುಗಿದ ಉಜನಿ ಜಲಾಶಯದಲ್ಲಿ ಸುಮಾರು 117 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಅದು ತುಂಬಿದ ಮೇಲೆ ಬಿಟ್ಟಿದ್ದೆಲ್ಲ ಅಫಜಲಪುರದ ಸೊನ್ನ ಬ್ಯಾರೇಜಿಗೆ ಬರುತ್ತದೆ, ಅಲ್ಲಿಂದ ಘತ್ತರಗಾ, ಗಾಣಗಾಪುರ, ಮುಂದೆ ಜೇವರ್ಗಿ. ಸುದ್ದಿಯಲ್ಲಿ ಇಷ್ಟು ಲಕ್ಷ ಕ್ಯೂಸೆಕ್ ಬಿಟ್ಟರು ಅಂತ ಬರುತ್ತದಲ್ಲ, ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಲೆಕ್ಕ ಹಾಕಿದರೂ ಅದು ಕಣ್ಣಿಗೆ ಕಟ್ಟುವುದಿಲ್ಲ. ಆ ದಿನ ಊರಿನಲ್ಲಿ ನಮಗೆ ಸಿಕ್ಕ ಜನ ಬೇರೆ ಅಳತೆಯಲ್ಲಿ ಮಾತಾಡಿದರು.

ಎದೆಮಟ, ಕಟ್ಟಿಮಟ, ಚೌಕಟ್ಟುಮಟ

ಊರಿನ ಬಾಯಿಗೆ ಬಂದಾಗ ಮೊಬೈಲ್ ಜೇಬಿಗೆ ಹೋಯಿತು. ಅಂಕಿಗಳ ಕೆಲಸ ಬ್ರಿಜ್‌ಗೆ ಮುಗಿದಿತ್ತು. ಡಿಗ್ರಿಯ ನಾಲ್ಕನೇ ದಶಮಾಂಶ ಒಂದು ಹೆಚ್ಚುಕಡಿಮೆ ಆದರೆ ನೆಲದ ಮೇಲೆ ಸುಮಾರು 11 ಮೀಟರ್ ವ್ಯತ್ಯಾಸ, ಐದನೆಯದಾದರೆ ಒಂದು ಮೀಟರ್. ಆದರೆ ನೀರು ಎಷ್ಟು ಎತ್ತರಕ್ಕೆ ಬಂದಿತ್ತು ಅನ್ನುವುದನ್ನು ಹೇಳಲು ಯಾವ ಉಪಗ್ರಹಕ್ಕೂ ಹೋಗಿ ಕೇಳುವಂತಿಲ್ಲ. ಜನರನ್ನೇ ಕೇಳಬೇಕು.

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮೂವರು ಮುತ್ಯಾರು ಬಿಸಿಲು ಕಾಯಿಸುತ್ತಾ ಕುಳಿತಿದ್ದರು.

‘ಏನ್ ಹುಡುಕ್ಲತ್ತೀರಿ ಯವ್ವಾ?’

‘2020ರಾಗ ಹೊಳಿ ಎಲ್ಲಿ ತನಕ ಬಂದಿತ್ತು ಮುತ್ಯಾ?’

ಒಬ್ಬರು ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟರು. ‘ಇಲ್ಲಿ ತನ. ಈ ಕಟ್ಟಿ ಮುಂದ ನಿಂತಿದ್ದೆ.’ ಎರಡನೆಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ‘ನೀ ಎಲ್ಲಿ ನಿಂತಿದ್ದಿ? ನಿನ್ನ ಮಗ ಟ್ರ್ಯಾಕ್ಟರ್‌ನಾಗ ಹಾಕ್ಕೊಂಡು ಮೊದಲೇ ಹೋಗಿದ್ದ. ಕಟ್ಟಿ ಪೂರಾ ಮುಳುಗಿತ್ತು, ಹನುಮಪ್ಪನ ಪಾದ ತೋಯ್ದಿತ್ತು.’ ಮೂರನೆಯವರು ಹೇಳಿದ್ದು: ‘ಪಾದ ತೋಯ್ದಿದ್ದು ಈ ವರ್ಷ. ಆ ವರ್ಷ ತೋಯ್ದಿಲ್ಲ.’ ಇಷ್ಟಾಗುವಷ್ಟರಲ್ಲಿ ನೀರಿನ ಕೊಡ ಹೊತ್ತು ಹೋಗುತ್ತಿದ್ದ ಆಯಿಯೊಬ್ಬರು ನಿಂತು, ‘ಹೊಳಿ ಬಂದಾಗ ಅಳತಿ ಮಾಡ್ಕೋತ ಯಾರ್ ನಿಂದರ್ತಾರ? ಮಂದಿ ಜೀವ ಉಳಸ್ಕೋತಾರೋ, ಪಟ್ಟಿ ಹಿಡಿತಾರೋ?’ ಅಂತ ಮೂವರಿಗೂ ಸೇರಿಸಿ ಬೈದು ಹೋದರು.

ಮುಂದೆ ಹಿಟ್ಟಿನ ಗಿರಣಿಯವರು ಮೋಟಾರಿನ ಮಟ್ಟ ತೋರಿಸಿದರು. ಅಂಗನವಾಡಿಯ ಅಕ್ಕ ಗೋಡೆಗೆ ಬರೆದಿದ್ದ ವರ್ಣಮಾಲೆಯ ಯಾವ ಸಾಲಿನವರೆಗೆ ಬಣ್ಣ ಅಳಿಸಿಹೋಗಿತ್ತು ಅಂತ ತೋರಿಸಿದರು, ಈಗ ಹೊಸ ಬಣ್ಣ ಹೊಡೆದಿದ್ದಾರೆ. ಒಬ್ಬ ಕಾಕಾ ಎಮ್ಮೆಯ ಬೆನ್ನು ತೋರಿಸಿ ‘ಇದರ ಅವ್ವನ ಬೆನ್ನ ತನ’ ಅಂದರು. ಎಲ್ಲವೂ ನಿಜವಿರಬಹುದು, ಯಾಕೆಂದರೆ ಊರೇ ಇಳಿಜಾರಿನ ಮೇಲಿದೆ. ನದಿ ಕಡೆಯ ಓಣಿಯಲ್ಲಿ ಸೂರಿನವರೆಗೆ ಬಂದ ನೀರು ಮೇಲಿನ ಓಣಿಯಲ್ಲಿ ಪಾದಕ್ಕೆ ಬಂದಿರುತ್ತದೆ. ಸರ್ಕಾರದ ಲೆಕ್ಕ ಇಲ್ಲವೆಂದೇನಲ್ಲ. ಅಫಜಲಪುರದಿಂದ ಸಿಂದಗಿ ಕಡೆ ಹೋಗುವ ದಾರಿಯ ದೇವಣಗಾಂವ ಸೇತುವೆಯ ಹತ್ತಿರ ಕೇಂದ್ರ ಜಲ ಆಯೋಗದವರು ಭೀಮಾ ನದಿಯ ಮಟ್ಟ ಅಳೆಯುತ್ತಾರೆ, ಯಾದಗಿರಿಯಲ್ಲೂ ಅಳೆಯುತ್ತಾರೆ. ಆದರೆ ಅದು ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅನ್ನುವ ಲೆಕ್ಕ. ಅಷ್ಟು ಮೀಟರ್ ಆದರೆ ನಮ್ಮ ಓಣಿಯ ಯಾವ ಮನೆಯ ಹೊಸ್ತಿಲು ಮುಳುಗುತ್ತದೆ ಅನ್ನುವುದನ್ನು ಹೇಳುವವರು ಬೇಕಲ್ಲ. ಊರ ಮುಂದಿನ ಲೈಟ್ ಕಂಬಕ್ಕೆ ಒಂದು ಬಣ್ಣದ ಗೆರೆ ಎಳೆದು ಇಸವಿ ಬರೆದರೆ ಸಾಕು ಅಂತ ನನಗೆ ಅನ್ನಿಸುತ್ತದೆ. ಒಂದು ಡಬ್ಬಿ ಪೇಂಟಿನ ಖರ್ಚು.

ಬಿಸಿಲೇರಿತ್ತು. ಗಿರಣಿಯ ಪಕ್ಕದ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಮಾವಾಸ್ಯೆಯ ಭಜ್ಜಿ ಪಲ್ಯದ ಉಳಿದದ್ದು. ಜೇವರ್ಗಿ ಅಲ್ಲಿ ತಾನಾಗಿಯೇ ಹೇಳಲು ಶುರುಮಾಡಿದಳು.

ತೊಳೆದ ಗೋಡೆ

ಆಗ ಅವಳು ಹತ್ತನೇ ತರಗತಿ. ಕೊರೊನಾ ಅಂತ ಶಾಲೆ ಮುಚ್ಚಿತ್ತು. ಮೂರು ದಿನ ಬಿಡದೆ ಮಳೆ. ಹೊಲದಲ್ಲಿ ತೊಗರಿ ಹೂವಿಗೆ ಬಂದಿತ್ತು. ಸೊನ್ನ ಬ್ಯಾರೇಜಿನಿಂದ ನೀರು ಬಿಡುತ್ತಾರೆ ಅಂತ ಡಂಗುರ ಸಾರಿದರು. ಹೊಳೆ ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತದೆ, ಅಗಸಿಯವರೆಗೆ ಬಂದು ಹೋಗುತ್ತದೆ ಅಂತ ಮನೆಯವರು ಸಾಮಾನನ್ನು ಕಟ್ಟೆಯ ಮೇಲಿಟ್ಟು ಕುಳಿತರು. ರಾತ್ರಿ ಹೊರಗೆ ಎಮ್ಮೆ ಕೂಗಿದ್ದಕ್ಕೆ ಎಚ್ಚರವಾಯಿತು. ಬಾಗಿಲು ತೆಗೆದರೆ ನೀರು ಹೊಸ್ತಿಲಿನ ಹತ್ತಿರ ಇತ್ತು. ಸದ್ದೇ ಇರಲಿಲ್ಲ ಅಂತ ಅವಳು ಎರಡು ಸಲ ಹೇಳಿದಳು. ಹೊಳೆ ಬಂದರೆ ಭೋರ್ಗರೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಮನೆಗೆ ಬರುವ ನೀರು ಸುಮ್ಮನೆ ಏರುತ್ತದಂತೆ.

ಜೋಳದ ಚೀಲ ಬಿಟ್ಟು, ಎಮ್ಮೆ ಬಿಚ್ಚಿ, ಆಯಿಯನ್ನು ಹೊತ್ತುಕೊಂಡು ಹೊರಟರು. ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರದಲ್ಲಿ ಹನ್ನೊಂದು ದಿನ. ಅವಳ ಪುಸ್ತಕ, ಆನ್‌ಲೈನ್ ಪಾಠಕ್ಕೆ ಅಂತ ಸಾಲ ಮಾಡಿ ತಂದಿದ್ದ ಮೊಬೈಲು ಎರಡೂ ಹೋದವು.

ನೀರಿಳಿದ ಮೇಲೆ ಬಂದು ನೋಡಿದರೆ ಗೋಡೆಯ ಮೇಲೆ ಬಾಗಿಲ ಚೌಕಟ್ಟಿನ ಮುಕ್ಕಾಲು ಎತ್ತರಕ್ಕೆ ಕೆಸರಿನ ಗೆರೆ. ಅವರವ್ವ ಮತ್ತು ಅವಳು ಸೇರಿ ಎರಡು ದಿನ ಮನೆ ತೊಳೆದರು. ದೀಪಾವಳಿ ಹತ್ತಿರವಿತ್ತು. ಕೆಸರಿನ ಮನೆಯಲ್ಲಿ ದೀಪ ಹಚ್ಚುವುದು ಹೇಗೆ ಅಂತ ಸುಣ್ಣವನ್ನೂ ಬಳಿದರು. ಹಾನಿ ಬರೆದುಕೊಳ್ಳಲು ಬಂದವರು ಅದಾದ ಮೇಲೆ ಬಂದರು. ಗೋಡೆ ನಿಂತಿದೆ, ಬಿಳಿಯಾಗಿದೆ, ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವುದಕ್ಕೆ ಗುರುತಿಲ್ಲ. ಮನೆ ಹಾನಿಯನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡುತ್ತಾರೆ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬಿದ್ದಿದ್ದರೆ ಎ, ಶೇ 15ರಿಂದ 25ರಷ್ಟು ಮಾತ್ರ ಹಾನಿಯಾಗಿದ್ದರೆ ಸಿ. ಇವರ ಮನೆ ಸಿ ಅಂತ ಬರೆದುಕೊಂಡು ಹೋದರು. ಮಣ್ಣಿನಲ್ಲಿ ಕಲ್ಲು ಕೂರಿಸಿ ಕಟ್ಟಿದ ಗೋಡೆ ಎಷ್ಟೋ ಸಲ ನೀರಿನಲ್ಲಿದ್ದಾಗ ಬೀಳುವುದಿಲ್ಲ. ಒಳಗಿನ ಮಣ್ಣು ನೆನೆದು, ಆಮೇಲೆ ಬಿಸಿಲಿಗೆ ಒಣಗುವಾಗ ಬಿರುಕು ಬಿಟ್ಟು ಬೀಳುತ್ತದೆ. ಮೂರು ವಾರದ ನಂತರ ಅಡುಗೆಮನೆಯ ಗೋಡೆ, ಅದರ ಹಿಂದೆಯೇ ಮಾಳಿಗೆ ಬಿತ್ತು. ಆಗ ಹೋಗಿ ಕೇಳಿದರೆ ಪಟ್ಟಿ ಮುಗಿದಿದೆ ಅಂದರು.

‘ಗೋಡಿ ತೊಳಿಬಾರದಿತ್ತು ಅಂತ ಅವ್ವ ಇನ್ನಾ ಅಂತಿರ್ತಾಳ. ಆದರ ಹಂಗ ಹೊಲಸಿನಾಗ ಹೆಂಗ ಇರಬೇಕಿತ್ತು?’

ಮುಂದಿನ ಜುಲೈನಲ್ಲಿ ಎರಡೇ ದಿನದಲ್ಲಿ ಮುಗಿದ ಆ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಅವಳು ಚಿಕ್ಕಪ್ಪನ ಮನೆಯಲ್ಲಿದ್ದು ಬರೆದಳು. ಆಮೇಲೆ ರೊಟ್ಟಿಯ ಬಟ್ಟೆ ಮಡಚಿ, ‘ಏಳ್ರಿ, ಡಬ್ಬಿ ಎಲ್ಲಿ ಅದ ಗೊತ್ತಾತು’ ಅಂದಳು.

ಅಫಜಲಪುರ ಏನೂ ಗೊತ್ತಿಲ್ಲದವಳ ಹಾಗೆ ನಮ್ಮ ಹಿಂದೆ ಬಂದಳು. ಆಟದಲ್ಲಿ ಇಟ್ಟವರು ಮಾತಾಡುವಂತಿಲ್ಲ.

ಅವಳ ತರ್ಕ ಹೀಗಿತ್ತು. ಜನ ಇರುವ ಮನೆಯಲ್ಲಿ ಗೆರೆ ಉಳಿಯುವುದಿಲ್ಲ, ತೊಳೆದುಬಿಡುತ್ತಾರೆ. ಗೆರೆ ಉಳಿಯಬೇಕಾದರೆ ಜನ ಬಿಟ್ಟುಹೋದ ಮನೆಯೇ ಆಗಬೇಕು. ನದಿಗೆ ತೀರ ಹತ್ತಿರ ಇದ್ದರೆ 2025ರ ನೀರು ಹಳೆಯ ಗೆರೆಯನ್ನು ಅಳಿಸಿರುತ್ತದೆ, ಆದ್ದರಿಂದ ಸ್ವಲ್ಪ ಮೇಲಿನ ಓಣಿ ನೋಡಬೇಕು. ಒಳಗೆ ಮಳೆ ಹೊಡೆಯಬಾರದು, ಅಂದರೆ ಮಾಳಿಗೆ ಇನ್ನೂ ನಿಂತಿರಬೇಕು. ಹೀಗೆ ನೋಡುತ್ತಾ ಹೋದರೆ ಊರಿನಲ್ಲಿ ಅಂಥ ಮನೆ ಎರಡೇ ಸಿಕ್ಕವು. ಮೊದಲನೆಯದಕ್ಕೆ ಬೀಗ. ಎರಡನೆಯದರ ಪಕ್ಕದ ಮನೆಯ ಅತ್ತೆ ನಮ್ಮನ್ನು ನೋಡಿ ನಗುತ್ತಾ ಕೀಲಿ ತಂದು ಕೊಟ್ಟರು.

ಪಡಸಾಲೆಯ ಗೋಡೆಯ ಮೇಲೆ, ನನ್ನ ಭುಜದ ಎತ್ತರಕ್ಕೆ, ಬೂದು ಬಣ್ಣದ ಗೆರೆ ಸ್ಕೇಲು ಹಿಡಿದು ಎಳೆದಷ್ಟು ನೇರವಾಗಿತ್ತು. ನೀರು ಎಳೆದ ಗೆರೆ, ಓರೆಯಾಗಲು ಸಾಧ್ಯವೂ ಇಲ್ಲ. ಅದರ ಕೆಳಗೆ ಮಣ್ಣು ಉದುರಿ ಕಲ್ಲು ಕಾಣುತ್ತಿತ್ತು, ಮೇಲೆ ಸುಣ್ಣ ಹಾಗೆಯೇ ಇತ್ತು. ಗೆರೆಯ ಒಂದು ಗೇಣು ಮೇಲೆ ದೀಪ ಇಡುವ ಗೂಡು. ಗೂಡಿನಲ್ಲಿ ನೀಲಿ ಮುಚ್ಚಳದ ಡಬ್ಬಿ.

ನೋಟ್‌ಬುಕ್ಕಿನಲ್ಲಿ

ಡಬ್ಬಿಯಲ್ಲಿ ಒಂದು ಕೀ ಚೈನು, ನಾಲ್ಕು ಹಸಿರು ಬಳೆ, ಸಣ್ಣ ಟಾರ್ಚು, ಪೆನ್ಸಿಲ್ಲು ಇದ್ದವು. ಪೆನ್ನು ಒಣಗುತ್ತದೆ, ತೇವದ ಕಾಗದದ ಮೇಲೂ ಪೆನ್ಸಿಲ್ ಬರೆಯುತ್ತದೆ, ಅದಕ್ಕೆ ಈ ಆಟದವರೆಲ್ಲ ಪೆನ್ಸಿಲ್ಲನ್ನೇ ಇಡುತ್ತಾರೆ. ನಾನು ಟಾರ್ಚ್ ತೆಗೆದುಕೊಂಡು ಒಂದು ಹೇರ್ ಕ್ಲಿಪ್ ಇಟ್ಟೆ. ಲಾಭದ ವ್ಯವಹಾರ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅಫಜಲಪುರದ ಸೋದರಮಾವ ತಮ್ಮ ಕೈಬರಹದಲ್ಲಿ, ಆ ದಿನ ಯಾವ ಹೊತ್ತಿಗೆ ನೀರು ಒಳಗೆ ಬಂತು, ಯಾವಾಗ ಇಳಿಯಿತು, ಏನೇನು ಉಳಿಯಿತು ಅಂತ ಬರೆದಿದ್ದರು. ಉಳಿದ ಪುಟಗಳು ಖಾಲಿ. ಜೇವರ್ಗಿ ಹೆಸರು, ತಾರೀಖು ಬರೆದ ಮೇಲೆ ನಿಲ್ಲಿಸಲಿಲ್ಲ. ತನ್ನ ಊರು, ತನ್ನ ಮನೆ, ಬಾಗಿಲ ಚೌಕಟ್ಟಿನ ಮುಕ್ಕಾಲು ಎತ್ತರ, ಗೋಡೆ ತೊಳೆದ ದಿನ, ಬಂದು ನೋಡಿಹೋದ ದಿನ, ಗೋಡೆ ಬಿದ್ದ ದಿನ. ಎರಡು ಪುಟ. ನಾನು ಹೊರಗೆ ಬಂದು ಅತ್ತೆಯ ಜೊತೆ ಕುಳಿತೆ. ಅವರು ಚಹಾ ಮಾಡಿದ್ದರು.

ಅಷ್ಟರಲ್ಲಿ ಗುಡಿಕಟ್ಟೆಯ ಮುತ್ಯಾರಲ್ಲಿ ಇಬ್ಬರು ಕೋಲೂರಿಕೊಂಡು ಅಲ್ಲಿಗೇ ಬಂದರು. ಪುಸ್ತಕದಲ್ಲಿ ಹೊಳೆಯ ಮಟ್ಟ ಬರೆಯುತ್ತಿದ್ದಾರೆ ಅನ್ನುವ ಸುದ್ದಿ ಹೇಗೋ ಮುಟ್ಟಿತ್ತು. ‘ನಂದೂ ಬರಿ. ಎದಿಮಟ ಅಂತ ಬರಿ’ ಅಂದರು ಒಬ್ಬರು. ‘ಅವಂದು ಬರದರ ನಂದೂ ಬರಿಬೇಕು. ಹನುಮಪ್ಪನ ಪಾದ ತೋಯ್ದಿತ್ತು’ ಅಂದರು ಇನ್ನೊಬ್ಬರು. ಎರಡನ್ನೂ ಬರೆದುಕೊಂಡು ಇಬ್ಬರದೂ ಸಹಿ ಹಾಕಿಸಿಕೊಂಡೆವು. ಒಬ್ಬರದು ಮೋಡಿ ಹಿಡಿದಂಥ ಸುಂದರ ಅಕ್ಷರ.

ಹೀಗೆ ನೆಲದಲ್ಲಿ ಉಳಿದದ್ದನ್ನು ಹುಡುಕುವ ಕೆಲಸ ನಮ್ಮ ಭಾಗಕ್ಕೆ ಹೊಸದೇನಲ್ಲ ಅಂತ ವಾಪಸ್ ಬಸ್ಸಿನಲ್ಲಿ ಅಫಜಲಪುರ ಹೇಳುತ್ತಿದ್ದಳು. ಅವಳದು ಇತಿಹಾಸ ವಿಷಯ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1850ರ ದಶಕದ ಹೊತ್ತಿಗೇ ಜೇವರ್ಗಿಯ ಕಲ್ಲುಗುಪ್ಪೆಯ ಹಳೆಯ ಸಮಾಧಿಗಳನ್ನು ಅಗೆದು ನೋಡಿ, ಲೇಖನ ಬರೆದು ಪ್ರಕಟಿಸಿದ್ದ. ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ ದೇವಿಯ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು, ಎಷ್ಟೋ ಶತಮಾನ ಅದು ಅಲ್ಲೇ ಇತ್ತು, ಜನ ದಿನಾ ಕೈಮುಗಿಯುತ್ತಲೂ ಇದ್ದರು. ಅದೂ ಭೀಮಾ ನದಿಯ ದಂಡೆಯೇ. ಜೇವರ್ಗಿ ರಸ್ತೆಯ ಫಿರೋಜಾಬಾದ್ ಇದೆಯಲ್ಲ, ಬಸ್ಸಿನ ಕಿಟಕಿಯಿಂದ ಪಾಳುಗೋಡೆ ಅಂತ ನೋಡಿ ಮರೆಯುತ್ತೇವೆ. ಅದು ಬಹಮನಿ ಸುಲ್ತಾನ ಫಿರೋಜ್ ಶಹಾ 1400ರ ಸುಮಾರಿಗೆ ಕಟ್ಟಿಸಿದ ನಗರ. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಹೊಳೆಯೇ ಕಾವಲು. ಆತನಿಗೆ ನಕ್ಷತ್ರ ನೋಡುವ ಹುಚ್ಚಿತ್ತು, ದೌಲತಾಬಾದಿನ ಹತ್ತಿರ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ, ಅದು ಮುಗಿಯಲಿಲ್ಲ.

‘ಹೊಳಿನ ಕಾವಲಿಗೆ ಇಟ್ಟಿದ್ನಾ?’ ಅಂತ ಜೇವರ್ಗಿ ನಕ್ಕಳು. ಆ ದಿನ ಅವಳು ನಕ್ಕಿದ್ದು ಅದೇ ಮೊದಲು.

ಮೂರನೆಯ ಡಬ್ಬಿ ಅವಳದು. ವಾಡಿಯ ದಕ್ಷಿಣಕ್ಕೆ ಅಕ್ಷಾಂಶ 17, ರೇಖಾಂಶ 77 ಸರಿಯಾಗಿ ಕೂಡುವ ಒಂದು ಬಿಂದುವಿದೆ, ದಶಮಾಂಶವೇ ಇಲ್ಲದ ವಿಳಾಸ, ಅಲ್ಲಿಡು ಅಂತ ನಾನು ಹೇಳಿ ನೋಡಿದೆ. ಅದು ಚಿತ್ತಾಪುರ ಕಡೆಯದು, ನನ್ನ ತಾಲ್ಲೂಕಲ್ಲ ಅಂತ ತಳ್ಳಿಹಾಕಿದಳು. ಹೋದ ಶುಕ್ರವಾರ ಊರಿಗೆ ಹೋಗಿದ್ದಳು. ರಾತ್ರಿ ಮೆಸೇಜ್ ಬಂತು. ಎರಡು ಅಂಕಿ, ಕೆಳಗೆ ಒಂದು ಸಾಲು: ‘ಬಿದ್ದ ಗೋಡಿ ಮತ್ತ ಕಟ್ಟೀವಿ. ಎಷ್ಟನೇ ಕಲ್ಲಿಂದ ಹೊಸದು ಅಂತ ಎಣಸ್ರಿ. ಬರುವಾಗ ಪೆನ್ಸಿಲ್ ತರ್ರಿ, ಅವ್ವನೂ ಬರೀತಾಳಂತ.’